ಒಳಬರುವ ನೀರು, ಹೊರಹೋಗುವ ನೀರು

ನಿತ್ಯ ಜಿನದರ್ಶನ, ರಾತ್ರಿಭೋಜನ ತ್ಯಾಗ, ಗಾಳಿಸಿದ ನೀರಿನ ಸೇವನೆ ಎಂಬ ಮೂರು ಆಚರಣೆಗಳಿಂದ ಜೈನ ಶ್ರಾವಕನನ್ನು ಗುರುತಿಸಬಹುದೆಂದು ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಈ ಮೂರರಲ್ಲಿ ನೀರಿಗೆ ಸಂಬಂಧಿಸಿದ ಆಚರಣೆಯು ಮೇಲುನೋಟಕ್ಕೆ ಬಹಳ ಸಣ್ಣದು. ದಪ್ಪನೆಯ ಬಟ್ಟೆಯನ್ನು ಎರಡು ಪದರವಾಗಿ ಮಡಿಸಿ ಕೊಡದ ಬಾಯಿಗೆ ಕಟ್ಟಿ ನೀರು ಸುರಿದರೆ ಅಲ್ಲಿಗೆ ಅದು ಮುಗಿಯಿತೆಂದು ತೋರುತ್ತದೆ. ಆದರೆ ಅದರ ಹಿಂದಿರುವ ತತ್ತ್ವವು ದೊಡ್ಡದು. ಜೈನಾಗಮಗಳು ಜೀವಗಳನ್ನು ಪೃಥ್ವೀಕಾಯ, ಅಪ್ಕಾಯ, ತೇಜಸ್ಕಾಯ, ವಾಯುಕಾಯ, ವನಸ್ಪತಿಕಾಯ, ತ್ರಸಕಾಯ ಎಂದು ಆರು ಬಗೆಯಾಗಿ ವಿಂಗಡಿಸಿವೆ. ಇವುಗಳಲ್ಲಿ ಅಪ್ಕಾಯವೆಂದರೆ ನೀರನ್ನೇ ಶರೀರವಾಗಿ ಉಳ್ಳ ಏಕೇಂದ್ರಿಯ ಜೀವ. ಅಂದರೆ ನೀರಿನಲ್ಲಿ ಜೀವವಿದೆ ಎಂಬುದಷ್ಟೇ ಅಲ್ಲ, ನೀರೇ ಜೀವಶರೀರವೆಂಬುದು ಜಿನಮತದ ನಿಲುವು. ಬಟ್ಟೆಯಲ್ಲಿ ಗಾಳಿಸುವುದರಿಂದ ಅಪ್ಕಾಯದ ಹಿಂಸೆಯು ತಪ್ಪುವುದಿಲ್ಲ. ನೀರಿನಲ್ಲಿ ಆಶ್ರಯ ಪಡೆದಿರುವ ತ್ರಸಜೀವಗಳ ಹಿಂಸೆಯು ಮಾತ್ರ ತಪ್ಪುತ್ತದೆ. ಗೃಹಸ್ಥನಿಗೆ ಶಕ್ಯವಾದುದು ಅಷ್ಟೇ.

ಈ ಆಚರಣೆಯಲ್ಲಿ ಇನ್ನೆರಡು ಅಂಶಗಳು ಗಮನಾರ್ಹವಾಗಿವೆ. ಗಾಳಿಸಿದ ನೀರಿನ ಮರ್ಯಾದೆಯು ಒಂದು ಮುಹೂರ್ತ, ಎಂದರೆ 48 ನಿಮಿಷ. ಅದು ಕಳೆದ ಮೇಲೆ ಮತ್ತೆ ಗಾಳಿಸಬೇಕು. ಎರಡನೆಯದಾಗಿ, ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ನೆಲಕ್ಕೆ ಕೊಡವಬಾರದು. ಗಾಳಿಸಿದ ನೀರನ್ನೇ ಬಟ್ಟೆಯ ಮೇಲೆ ಹಾಕಿ ಅವುಗಳನ್ನು ಒಂದು ಪಾತ್ರೆಗೆ ಇಳಿಸಿ, ಯಾವ ಬಾವಿಯಿಂದ ನೀರು ಸೇದಿತೋ ಆ ಬಾವಿಗೇ, ಮೇಲಿನಿಂದ ಸುರಿಯದೆ, ನೀರಿನ ಮಟ್ಟದವರೆಗೆ ಪಾತ್ರೆಯನ್ನು ಇಳಿಸಿ ಮೆಲ್ಲನೆ ಬಿಡಬೇಕು. ಈ ಎರಡನೆಯ ವಿಧಿಯಲ್ಲಿ ಒಂದು ಮಹತ್ತ್ವದ ಸೂಚನೆಯಿದೆ. ನೀರನ್ನು ಪಡೆದವನಿಗೆ ಆ ನೀರಿನ ಮೂಲದ ಬಗೆಗೂ ಹೊಣೆಯುಂಟು ಎಂಬುದೇ ಆ ಸೂಚನೆ. ಇಂದಿನ ನಗರವಾಸಿ ಶ್ರಾವಕನು ಗಾಳಿಸುವ ಬಟ್ಟೆಯನ್ನು ಉಳಿಸಿಕೊಂಡಿದ್ದಾನೆ. ಮೂಲದ ಹೊಣೆಯನ್ನು ಮರೆತಿದ್ದಾನೆ. ನೀರಿನ ಮಾಲಿನ್ಯದ ಕಾರಣಗಳನ್ನೂ ಪರಿಣಾಮಗಳನ್ನೂ ಈ ಮರೆವಿನ ಹಿನ್ನೆಲೆಯಲ್ಲಿ ವಿಚಾರಿಸುವುದು ಯುಕ್ತವಾಗಿದೆ.

ಯಡಿಯೂರಿನ ಕೆರೆ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಜಯನಗರ ಬನಶಂಕರಿಗಳ ನಡುವೆ ಇರುವ ಯಡಿಯೂರು ಮೂಲತಃ ಕೆರೆಯುಳ್ಳ ಒಂದು ಹಳ್ಳಿ. 1948ರಲ್ಲಿ ಜಯನಗರ ಬಡಾವಣೆಗೆ ಅಸ್ತಿಭಾರ ಬಿದ್ದ ಮೇಲೆ ಸುತ್ತಲಿನ ಹಳ್ಳಿಗಳಂತೆ ಇದೂ ನಗರದೊಳಗೆ ಸೇರಿಹೋಯಿತು. ಹಳ್ಳಿ ಹೋದರೂ ಹೆಸರು ಉಳಿಯಿತು, ಕೆರೆಯೂ ಉಳಿಯಿತು. ಇಂದು ಅದರ ಸುತ್ತ ಬೇಲಿಯಿದೆ, ಕಾಲುದಾರಿಯಿದೆ; ಬೆಳಗಿನ ಹೊತ್ತು ವಾಯುವಿಹಾರಕ್ಕೆ ಬರುವವರಿದ್ದಾರೆ. ಗಣೇಶನ ಹಬ್ಬದಲ್ಲಿ ಸ್ಯಾಂಕಿ, ಹಲಸೂರು, ಹೆಬ್ಬಾಳ ಕೆರೆಗಳಂತೆ ಇಲ್ಲಿಯೂ ಮೂರ್ತಿಗಳ ವಿಸರ್ಜನೆಗೆ ಜನರು ನೆರೆಯುತ್ತಾರೆ. ಕೆರೆಯ ನೀರು ಕೆಡದಿರಲೆಂದು ವಿಸರ್ಜನೆಗೆ ಪ್ರತ್ಯೇಕವಾದ ಕಲ್ಯಾಣಿಯನ್ನು ಕಟ್ಟಲಾಗಿದೆ.

ಬೆಂಗಳೂರಿಗೆ ತುಂಬಿ ಹರಿಯುವ ಹೊಳೆಯಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಊರು ಬೆಳೆದಿರುವುದರಿಂದ ಹಿಂದಿನವರು ಮಳೆನೀರನ್ನು ಸಾಲುಕೆರೆಗಳಲ್ಲಿ ಹಿಡಿದರು. ಮೇಲಿನ ಕೆರೆಯ ಕೋಡಿ ಬಿದ್ದರೆ ಆ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಯನ್ನು ತುಂಬುತ್ತಿತ್ತು. ಈ ಏರ್ಪಾಟಿನಲ್ಲಿ ಒಂದು ನೀತಿಯು ಅಡಗಿತ್ತು: ಮೇಲಿನವನು ನೀರನ್ನು ಕೆಡಿಸಿದರೆ ಕೆಳಗಿನವನು ಕುಡಿಯಲಾರನು.

ಈ ನೀತಿಯು ಸಡಿಲವಾದುದು ಕೊಳಾಯಿಯ ಕಾಲದಲ್ಲಿ. 1894ರಲ್ಲಿ ಹೆಸರಘಟ್ಟದಿಂದಲೂ 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ ಅರ್ಕಾವತಿಯ ನೀರು ನಗರಕ್ಕೆ ಬಂದಿತು. 1974ರಲ್ಲಿ ಕಾವೇರಿ ನೀರಿನ ಮೊದಲನೆಯ ಹಂತ ಆರಂಭವಾಯಿತು. 2024ರಲ್ಲಿ ಐದನೆಯ ಹಂತವು ಉದ್ಘಾಟನೆಗೊಂಡು ದಿನಕ್ಕೆ 77 ಕೋಟಿ 50 ಲಕ್ಷ ಲೀಟರ್ ನೀರನ್ನು ಹೆಚ್ಚುವರಿಯಾಗಿ ತರುವ ವ್ಯವಸ್ಥೆಯಾಯಿತು. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ನೀರನ್ನು ಎತ್ತಿ ತರುವ ಈ ಕಾರ್ಯವು ಸಾಮಾನ್ಯವಾದುದಲ್ಲ. ಅದರಿಂದ ಕೋಟ್ಯಂತರ ಜನರಿಗೆ ಉಪಕಾರವಾಗಿದೆ. ಆದರೆ ಇದರ ಜೊತೆಗೆ ಮನಸ್ಸಿನಲ್ಲಿ ಒಂದು ಬದಲಾವಣೆಯೂ ಆಯಿತು. ಕುಡಿಯುವ ನೀರು ದೂರದಿಂದ ಬರತೊಡಗಿದ ಮೇಲೆ ಹತ್ತಿರದ ಕೆರೆಯ ಹಂಗು ಯಾರಿಗೂ ಉಳಿಯಲಿಲ್ಲ. ಹಂಗಿಲ್ಲದ ನೀರನ್ನು ಕಾಯುವವರಿಲ್ಲವಾದರು. ಮಳೆನೀರನ್ನು ಒಯ್ಯುತ್ತಿದ್ದ ರಾಜಕಾಲುವೆಗಳು ಕೊಳಚೆಯನ್ನು ಒಯ್ಯತೊಡಗಿದವು.

ಕಾರಣಗಳು

ಜಲಮಾಲಿನ್ಯವೆಂದೊಡನೆ ಕಾರ್ಖಾನೆಗಳ ಕಡೆಗೆ ಬೆರಳು ತೋರಿಸುವುದು ವಾಡಿಕೆ. ಕಾರ್ಖಾನೆಗಳ ಪಾಲು ಇಲ್ಲವೆಂದಲ್ಲ. ಲೋಹಕ್ಕೆ ಮೆರುಗು ಕೊಡುವ, ಬಟ್ಟೆಗೆ ಬಣ್ಣ ಹಾಕುವ ಸಣ್ಣ ಉದ್ಯಮಗಳಿಂದ ಆಮ್ಲ, ಕ್ರೋಮಿಯಂ, ಬಣ್ಣಗಳು ಕಾಲುವೆ ಸೇರುತ್ತವೆ. ಆದರೆ ಬೆಂಗಳೂರಿನಂಥ ನಗರದಲ್ಲಿ ಕೆರೆಗಳನ್ನು ಕೆಡಿಸುವ ನೀರಿನ ಬಹುಭಾಗವು ಮನೆಗಳಿಂದ ಬಂದುದು. ಸರ್ಕಾರಿ ಮಾನದಂಡದಂತೆ ನಗರದಲ್ಲಿ ಒಬ್ಬ ವ್ಯಕ್ತಿಗೆ ದಿನಕ್ಕೆ 135 ಲೀಟರ್ ನೀರು ಬೇಕು. ಬಳಸಿದುದರಲ್ಲಿ ಶೇಕಡ 80ರಷ್ಟು ಕೊಳಚೆಯಾಗಿ ಹೊರಗೆ ಹೋಗುತ್ತದೆ. ಐದು ಜನರ ಸಂಸಾರದಲ್ಲಿ 675 ಲೀಟರ್ ಒಳಗೆ ಬಂದರೆ 540 ಲೀಟರ್ ಹೊರಗೆ ಹೋಯಿತು. ಅದೇ ಮನೆಯವರು ಗಾಳಿಸಿ ಕುಡಿದ ನೀರು ಹತ್ತು ಹದಿನೈದು ಲೀಟರನ್ನು ಮೀರದು. ಹತ್ತು ಲೀಟರಿಗೆ ಬಟ್ಟೆ ಕಟ್ಟಿ, 540 ಲೀಟರಿಗೆ ಕಣ್ಣು ಮುಚ್ಚಿದಂತಾಯಿತು.

ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ಸೋಪು, ನೆಲ ಒರೆಸುವ ದ್ರವಗಳು ಈ ನೀರಿನಲ್ಲಿ ಬೆರೆತಿರುತ್ತವೆ. ಅನೇಕ ಮಾರ್ಜಕಗಳಲ್ಲಿರುವ ರಂಜಕವೂ ಮಲಮೂತ್ರಗಳಲ್ಲಿರುವ ಸಾರಜನಕವೂ ನೀರಿಗೆ ಗೊಬ್ಬರವಾಗುತ್ತವೆ. ಅದರಿಂದ ಪಾಚಿಯೂ ಅಂತರಗಂಗೆಯಂಥ ಜಲಕಳೆಗಳೂ ಹುಲುಸಾಗಿ ಬೆಳೆದು ಕೆರೆಯನ್ನು ಮುಚ್ಚುತ್ತವೆ. ಹೊಲಗಳಿಗೆ ಹಾಕಿದ ರಾಸಾಯನಿಕ ಗೊಬ್ಬರ, ಕೀಟನಾಶಕಗಳು ಮಳೆಯಲ್ಲಿ ಕೊಚ್ಚಿ ಬರುತ್ತವೆ. ಒಡೆದ ಒಳಚರಂಡಿಯ ಕೊಳವೆಗಳಿಂದ ಕೊಳಚೆಯು ಭೂಮಿಗೆ ಇಂಗಿ ಬಾವಿ, ಕೊಳವೆಬಾವಿಗಳನ್ನು ತಲಪುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಮೂರ್ತಿಗಳು ನೀರಿನಲ್ಲಿ ಬೇಗ ಕರಗವು. ಅವುಗಳಿಗೆ ಬಳಿದ ಬಣ್ಣಗಳಲ್ಲಿ ಸೀಸ, ಕ್ರೋಮಿಯಂ, ಕ್ಯಾಡ್ಮಿಯಂ ಮೊದಲಾದ ಲೋಹಗಳಿರುತ್ತವೆ. ಈ ಕಾರಣದಿಂದ 2016ರಲ್ಲಿ ಕರ್ನಾಟಕದಲ್ಲಿ ಇಂಥ ಮೂರ್ತಿಗಳ ವಿಸರ್ಜನೆಯನ್ನು ನಿಷೇಧಿಸಲಾಯಿತು.

ನೆರೆಯವರ ಹಬ್ಬದ ಮಾತನ್ನಾಡುವಾಗ ತಮ್ಮ ಮನೆಯ, ತಮ್ಮ ಬಸದಿಯ ಮಾತನ್ನೂ ಆಡುವುದು ನ್ಯಾಯ. ಕೊಳಚೆಯ ಬಲವನ್ನು ಅಳೆಯಲು ವಿಜ್ಞಾನಿಗಳು ಬಳಸುವ ಒಂದು ಅಳತೆಯಿದೆ: ಒಂದು ಲೀಟರ್ ನೀರಿನಲ್ಲಿರುವ ಕಲ್ಮಷವು ಕೊಳೆತು ಮುಗಿಯಲು ಎಷ್ಟು ಆಮ್ಲಜನಕವನ್ನು ಬೇಡುತ್ತದೆ ಎಂಬುದು. ಮನೆಯ ಕೊಳಚೆಗೆ ಇದು ಸುಮಾರು 250 ಮಿಲಿಗ್ರಾಂ. ಹಾಲಿಗೆ ಸುಮಾರು ಒಂದು ಲಕ್ಷ ಮಿಲಿಗ್ರಾಂ. ಅಂದರೆ ಚರಂಡಿಗೆ ಹರಿದ ಒಂದು ಲೀಟರ್ ಹಾಲು 400 ಲೀಟರ್ ಕೊಳಚೆಗೆ ಸಮ. ಅಭಿಷೇಕದ ಗಂಧೋದಕವನ್ನು ಕಣ್ಣಿಗೊತ್ತಿಕೊಳ್ಳುವ ಭಕ್ತನು ಉಳಿದ ಕ್ಷೀರವು ಎಲ್ಲಿಗೆ ಹರಿಯಿತೆಂದು ಒಮ್ಮೆ ನೋಡಬೇಡವೇ? ಕಾಲಿಗೆ ತಾಗಬಾರದೆಂಬ ದ್ರವ್ಯವು ಚರಂಡಿಗೆ ಸೇರಬಹುದೇ?

ಪರಿಣಾಮಗಳು

ಸಾಧಾರಣ ಉಷ್ಣದಲ್ಲಿ ಒಂದು ಲೀಟರ್ ತಿಳಿನೀರಿನಲ್ಲಿ ಕರಗಿರುವ ಆಮ್ಲಜನಕವು ಸುಮಾರು 8 ಮಿಲಿಗ್ರಾಂ. 250 ಮಿಲಿಗ್ರಾಂ ಬೇಡುವ ಕೊಳಚೆಯು ಅದಕ್ಕೆ ಬಂದು ಸೇರಿದರೆ, ಒಂದು ಲೀಟರ್ ಕೊಳಚೆಯು ಮೂವತ್ತು ಲೀಟರ್ ತಿಳಿನೀರಿನ ಉಸಿರನ್ನು ಹೀರುತ್ತದೆ. ಆಗ ಮೀನು ಮೇಲಕ್ಕೆ ಬಂದು ಬಾಯಿ ತೆರೆಯುತ್ತದೆ. ಅಲ್ಲಿಯೂ ಉಸಿರು ಸಾಲದೆ ಸಾಯುತ್ತದೆ. 2016ರ ಮಾರ್ಚ್ ತಿಂಗಳಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಬಲೆ ಬೀಸಿದವರು ಯಾರೂ ಇರಲಿಲ್ಲ. ಬಲೆ ಬೀಸುವವನನ್ನು ಕಂಡರೆ ಮುಖ ತಿರುಗಿಸುವ ಸಜ್ಜನರ ಮನೆಗಳ ಮೋರಿಗಳೂ ನಗರದ ಇಂಥದೇ ಕಾಲುವೆಗಳಿಗೆ ಸೇರಿದ್ದವು.

ನಗರದ ಪೂರ್ವದಿಕ್ಕಿನ ಬೆಳ್ಳಂದೂರು ಕೆರೆಯಲ್ಲಿ ಮಾರ್ಜಕಗಳ ನೊರೆಯು ಎದ್ದು ರಸ್ತೆಗಳ ಮೇಲೆ ಹಾರಾಡಿದುದನ್ನೂ, 2015, 2017, 2018ರಲ್ಲಿ ಕೆರೆಯಲ್ಲೇ ಬೆಂಕಿ ಕಾಣಿಸಿಕೊಂಡುದನ್ನೂ ಲೋಕವೆಲ್ಲ ನೋಡಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2018ರ ಡಿಸೆಂಬರಿನಲ್ಲಿ ಈ ವಿಷಯವಾಗಿ ರಾಜ್ಯ ಸರ್ಕಾರಕ್ಕೆ 50 ಕೋಟಿ ರೂಪಾಯಿ ದಂಡವನ್ನು ವಿಧಿಸಿತು. ನೀರಿಗೆ ಬೆಂಕಿ ಬೀಳುವುದೆಂಬುದು ಹಿಂದಿನವರ ಬಾಯಲ್ಲಿ ಅಸಂಭವಕ್ಕೆ ಉದಾಹರಣೆಯಾಗಿತ್ತು.

ಯಡಿಯೂರಿನ ಉತ್ತರಕ್ಕೆ, ಹೆಚ್ಚು ದೂರವಲ್ಲದ ಬಸವನಗುಡಿಯ ದೊಡ್ಡ ಬಸವಣ್ಣನ ಸನ್ನಿಧಿಯಲ್ಲಿ ವೃಷಭಾವತಿ ಹುಟ್ಟುತ್ತದೆಂದು ಜನರ ನಂಬಿಕೆ. ಹುಟ್ಟಿನಲ್ಲಿ ಪವಿತ್ರವೆನಿಸಿದ ಆ ಹೊಳೆಯು ಮೈಸೂರು ರಸ್ತೆಯ ಪಕ್ಕದಲ್ಲಿ, ಕೆಂಗೇರಿಯ ಬಳಿ, ನಗರದ ಕೊಳಚೆಯನ್ನೂ ಕಾರ್ಖಾನೆಗಳ ಕಲ್ಮಷವನ್ನೂ ಹೊತ್ತು ಕಪ್ಪಾಗಿ ಹರಿಯುತ್ತದೆ. ಬಿಡದಿ ಸಮೀಪದ ಬೈರಮಂಗಲದ ಜಲಾಶಯವನ್ನು ತುಂಬಿ, ಮುಂದೆ ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಬೈರಮಂಗಲದ ರೈತರು ಆ ನೀರಿನಲ್ಲಿಯೇ ಬೆಳೆ ತೆಗೆಯಬೇಕಾಗಿದೆ. ದನಗಳಿಗೆ ಮೇವು ಬೆಳೆಯಬೇಕಾಗಿದೆ. ಆ ಹಾಲೂ ಸೊಪ್ಪೂ ಮತ್ತೆ ನಗರದ ಮಾರುಕಟ್ಟೆಗೆ ಬರುತ್ತವೆ. ಕಾವೇರಿಯಿಂದ ತಂದ ನೀರನ್ನು ನಗರವು ಹೀಗೆ ಕಾವೇರಿಗೆ ಹಿಂದಿರುಗಿಸುತ್ತದೆ. ಬಾವಿಯ ಜೀವಗಳನ್ನು ಬಾವಿಗೇ ಮೆಲ್ಲನೆ ಇಳಿಸಿ ಬಿಡಬೇಕೆಂದ ಪೂರ್ವಜರ ವಿಧಿಯ ಪಕ್ಕದಲ್ಲಿ ಈ ಹಿಂದಿರುಗಿಸುವಿಕೆಯನ್ನು ಇಟ್ಟು ನೋಡಬೇಕು.

ಗಾಳಿಸುವ ಬಟ್ಟೆಯ ಮಹಿಮೆಯನ್ನು ವಿಜ್ಞಾನವೂ ಒಪ್ಪಿದೆ. ರೀಟಾ ಕಾಲ್‌ವೆಲ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಬಾಂಗ್ಲಾದೇಶದ ಮತ್ಲಬ್ ಪ್ರದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಹಲವು ಪದರವಾಗಿ ಮಡಿಸಿ ನೀರು ಸೋಸುವ ರೂಢಿಯನ್ನು ಹರಡಿದರು. ಕಾಲರಾ ರೋಗವು ಶೇಕಡ 48ರಷ್ಟು ಕಡಿಮೆಯಾಯಿತೆಂದು 2003ರಲ್ಲಿ ಪ್ರಕಟಿಸಿದರು. ರೋಗಾಣುಗಳು ಅಂಟಿಕೊಂಡಿರುವ ಸೂಕ್ಷ್ಮ ಜಲಜೀವಿಗಳನ್ನು ಬಟ್ಟೆಯು ತಡೆಯುತ್ತದೆಂಬುದು ಇದರ ಕಾರಣ. ಆದರೆ ಬಟ್ಟೆಗೆ ಒಂದು ಮಿತಿಯಿದೆ. ಅದು ಜೀವಿಯನ್ನು ತಡೆಯಬಲ್ಲದು, ಕರಗಿದ ವಿಷವನ್ನು ತಡೆಯಲಾರದು. ಕೊಳಚೆಯಿಂದ ಅಂತರ್ಜಲಕ್ಕೆ ಇಳಿದ ನೈಟ್ರೇಟು ಬಟ್ಟೆಯಿಂದಲೂ ಹೋಗದು, ಕಾಯಿಸಿದರೂ ಹೋಗದು, ಕಾಯಿಸಿದಷ್ಟೂ ಸಾಂದ್ರವಾಗುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಮನ್ನು ಮೀರಬಾರದೆಂದು ಭಾರತೀಯ ಮಾನಕವು ಹೇಳುತ್ತದೆ. ಮೀರಿದ ನೀರು ಎಳೆಗೂಸುಗಳ ರಕ್ತವು ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನು ಕುಂದಿಸಬಲ್ಲದು. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಪಾದರಸವು ಮೀನುಗಳ ಮೂಲಕ ಮನುಷ್ಯರ ನರಗಳನ್ನು ಹಾಳುಮಾಡಿದುದು 1956ರಲ್ಲಿ ಬೆಳಕಿಗೆ ಬಂದಿತು. ನೀರಿಗೆ ಹಾಕಿದುದು ನೀರಿನಲ್ಲಿಯೇ ಉಳಿಯುವುದಿಲ್ಲವೆಂಬುದಕ್ಕೆ ಅದಕ್ಕಿಂತ ಕಠೋರವಾದ ನಿದರ್ಶನ ಬೇಡ.

ಹಿಂಸೆ ಯಾರದು?

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಗೃಹಸ್ಥನು ಸಂಕಲ್ಪಿ ಹಿಂಸೆಯನ್ನು ಮಾತ್ರ ಪೂರ್ಣವಾಗಿ ಬಿಡತಕ್ಕವನು. ಅಡಿಗೆ, ಸ್ನಾನ, ಒಗೆತಗಳಲ್ಲಿ ಆಗುವ ಆರಂಭಿ ಹಿಂಸೆ, ಜೀವನೋಪಾಯದಲ್ಲಿ ಆಗುವ ಉದ್ಯೋಗಿ ಹಿಂಸೆಗಳು ಅವನಿಗೆ ಅನಿವಾರ್ಯ. ಹಾಗಾದರೆ ಕೊಳಚೆಯ ದೋಷ ಅವನಿಗೆ ಹೇಗೆ ತಟ್ಟುತ್ತದೆ?

ಇದಕ್ಕೆ ಶಾಸ್ತ್ರದಲ್ಲಿಯೇ ಸಮಾಧಾನವಿದೆ. ನೀರು ಕೊಳೆಯಾಗುವುದು ಅನಿವಾರ್ಯ. ಕೊಳೆಯಾದ ನೀರನ್ನು ಹಾಗೆಯೇ ಬಿಡುವುದು ಅನಿವಾರ್ಯವಲ್ಲ. ಪ್ರಮಾದದ ಯೋಗದಿಂದ ಪ್ರಾಣಗಳಿಗೆ ಆಗುವ ಘಾತವೇ ಹಿಂಸೆಯೆಂದು ತತ್ತ್ವಾರ್ಥಸೂತ್ರಕಾರರ ಅಭಿಪ್ರಾಯ. ತಪ್ಪಿಸಲು ಸಾಧ್ಯವಿದ್ದು ತಪ್ಪಿಸದಿರುವುದು ಪ್ರಮಾದವಲ್ಲದೆ ಮತ್ತೇನು? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಭೇದಗಳನ್ನು ಹೇಳುವಾಗ, ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳನ್ನು ಬಾಧಿಸುವುದನ್ನು ಪ್ರಮಾದಚರ್ಯೆಯೆಂದು ಕರೆದಿದ್ದಾರೆ. ಮುನಿಗಳ ಐದು ಸಮಿತಿಗಳಲ್ಲಿ ಕೊನೆಯದು ಮಲಮೂತ್ರಾದಿಗಳನ್ನು ಜೀವರಹಿತವಾದ ಸ್ಥಳದಲ್ಲಿ, ನೋಡಿ, ವಿಸರ್ಜಿಸಬೇಕೆಂಬ ಉತ್ಸರ್ಗ ಸಮಿತಿ. ಆಹಾರವನ್ನು ಸ್ವೀಕರಿಸುವುದಕ್ಕೆ ಏಷಣಾ ಸಮಿತಿಯಿರುವಂತೆ, ತ್ಯಜಿಸುವುದಕ್ಕೂ ಒಂದು ಸಮಿತಿಯಿದೆ. ಒಳಗೆ ಬರುವುದಕ್ಕೆ ಇರುವಷ್ಟೇ ಎಚ್ಚರ ಹೊರಗೆ ಹೋಗುವುದಕ್ಕೂ ಇರಬೇಕೆಂಬುದೇ ಇದರ ತಾತ್ಪರ್ಯ. ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಶ್ರಾವಕನು ಬಿಡಬೇಕಾದ ಹದಿನೈದು ವೃತ್ತಿಗಳನ್ನು ಹೇಳಿದ್ದಾರೆ. ಅವುಗಳಲ್ಲಿ ವಿಷದ ವ್ಯಾಪಾರವೂ ಇದೆ, ಕೆರೆಕೊಳಗಳನ್ನು ಬತ್ತಿಸುವ ಸರಃಶೋಷವೂ ಇದೆ. ಕೆರೆಯನ್ನು ಬತ್ತಿಸದೆಯೇ ಅದರಲ್ಲಿನ ಜೀವಗಳನ್ನು ಕೊಲ್ಲುವ ಉಪಾಯ ಆ ಕಾಲದವರಿಗೆ ತಿಳಿದಿರಲಿಲ್ಲ.

ಮತ್ತೊಂದು ಸೂಕ್ಷ್ಮವಾದ ಆಕ್ಷೇಪವೂ ಉಂಟು. ಶುದ್ಧೀಕರಣ ಘಟಕದಲ್ಲಿಯೂ ಅಸಂಖ್ಯಾತ ಸೂಕ್ಷ್ಮಜೀವಿಗಳು ಹುಟ್ಟಿ ಸಾಯುತ್ತವೆ, ಅದೂ ಹಿಂಸೆಯಲ್ಲವೇ? ಹೌದು, ಅಲ್ಲಿಯೂ ಹಿಂಸೆಯಿದೆ. ಆದರೆ ನೀರನ್ನು ಕಾಯಿಸಿ ಪ್ರಾಸುಕ ಮಾಡುವಾಗಲೂ ಹಿಂಸೆಯಿದೆ. ಮುಂದೆ ಆಗುವ ಹೆಚ್ಚಿನ ಉತ್ಪತ್ತಿ ವಿನಾಶಗಳನ್ನು ತಡೆಯಲೆಂದು ಅದನ್ನು ಒಪ್ಪಲಾಗಿದೆ. ಘಟಕದ ತೊಟ್ಟಿಯಲ್ಲಿ ಏಕೇಂದ್ರಿಯ ಜೀವಗಳಿಗೆ ಆಗುವ ಬಾಧೆಯನ್ನೂ, ಕೆರೆಯಲ್ಲಿ ಮೀನು, ಆಮೆ, ಹಕ್ಕಿಗಳವರೆಗೆ, ಅಲ್ಲಿಂದ ಮನುಷ್ಯರವರೆಗೆ ಹಬ್ಬುವ ಬಾಧೆಯನ್ನೂ ತೂಗಿ ನೋಡಿದರೆ ಯಾವುದು ಅಲ್ಪ, ಯಾವುದು ಬಹು ಎಂಬುದರಲ್ಲಿ ಸಂಶಯವಿರದು.

ದಕ್ಷಿಣ ಬೆಂಗಳೂರಿನ ಒಂದು ವಸತಿ ಸಮುಚ್ಚಯದ ಸಭೆಯಲ್ಲಿ ನಡೆದ ಪ್ರಸಂಗವು ಇಲ್ಲಿ ಉಲ್ಲೇಖನೀಯ. ಕೊಳಚೆ ಶುದ್ಧೀಕರಣ ಘಟಕಕ್ಕೆ ಗಾಳಿಯೂದುವ ಯಂತ್ರದಿಂದ ವಿದ್ಯುತ್ತಿನ ಖರ್ಚು ಹೆಚ್ಚಾಗುತ್ತಿದೆ, ರಾತ್ರಿ ಅದನ್ನು ನಿಲ್ಲಿಸಿ ನೀರನ್ನು ನೇರವಾಗಿ ಹೊರಗೆ ಬಿಟ್ಟರೆ ಯಾರಿಗೂ ತಿಳಿಯದು ಎಂಬ ಸಲಹೆ ಬಂದಿತು. ಚತುರ್ದಶಿಯ ಉಪವಾಸವನ್ನು ತಪ್ಪದೆ ಮಾಡುವ ಒಬ್ಬ ವರ್ತಕರೂ ಒಪ್ಪಿ ತಲೆಯಾಡಿಸಿದರು. ಆಗ ಹಿಂದೆ ಕುಳಿತಿದ್ದ ವೃದ್ಧ ಶ್ರಾವಿಕೆಯೊಬ್ಬರು, “ಅಣ್ಣಾ, ದೀಪದ ಹುಳ ಬಾಯಿಗೆ ಬಂದಾವೆಂದು ನೀವು ರಾತ್ರಿ ಊಟ ಬಿಟ್ಟಿದ್ದೀರಿ. ರಾತ್ರಿ ಈ ಯಂತ್ರ ನಿಲ್ಲಿಸಿದರೆ ಸಾಯುವ ಜೀವಗಳನ್ನು ಯಾರ ಲೆಕ್ಕಕ್ಕೆ ಬರೆಯೋಣ?” ಎಂದು ಕೇಳಿದರು. ಸಭೆಯಲ್ಲಿ ಉತ್ತರ ಹುಟ್ಟಲಿಲ್ಲ. ಮುಂದಿನ ತಿಂಗಳು, ಕೆಲವರ ಅಸಮಾಧಾನದ ನಡುವೆಯೇ, ಯಂತ್ರವನ್ನು ಹಗಲಿರುಳೂ ನಡೆಸುವುದೆಂದು ತೀರ್ಮಾನವಾಯಿತು. ಮನೆಗೆ ಇಷ್ಟೆಂದು ಖರ್ಚನ್ನು ಹಂಚಿಕೊಂಡರು.

ಆಕೆಯ ಪ್ರಶ್ನೆಯು ವಣಿಕರಿಗೆ ಚೆನ್ನಾಗಿ ಅರ್ಥವಾಗತಕ್ಕದ್ದು. ಶುದ್ಧೀಕರಣಕ್ಕೆ ತಗಲುವ ವೆಚ್ಚವನ್ನು ಉಳಿಸಿದವನ ಖಾತೆಯಲ್ಲಿ ಅದು ಲಾಭವೆಂದು ಕಾಣುತ್ತದೆ. ಆದರೆ ಆ ವೆಚ್ಚವು ಮಾಯವಾಗಿಲ್ಲ. ಬೈರಮಂಗಲದ ರೈತನ ಖಾತೆಯಲ್ಲಿ, ಆಸ್ಪತ್ರೆಗೆ ಮಗುವನ್ನು ಒಯ್ದವನ ಖಾತೆಯಲ್ಲಿ ಖರ್ಚಾಗಿ ಬಿದ್ದಿದೆ. ಕೊಡದೆ ತೆಗೆದುಕೊಂಡುದು ಚೌರ್ಯವೆಂದಾದರೆ, ತನ್ನ ಖರ್ಚನ್ನು ಕೇಳದೆ ಪರರ ಹೆಗಲಿಗೆ ಹೊರಿಸಿದುದೂ ಅದರ ಬಳಗಕ್ಕೇ ಸೇರಿದ್ದು. ಹೀಗೆ ಜಲಮಾಲಿನ್ಯವು ಅಹಿಂಸೆಯ ಜೊತೆಗೆ ಅಚೌರ್ಯಾಣುವ್ರತಕ್ಕೂ ಭಂಗ ತರುತ್ತದೆ.

ಶ್ರಾವಕನ ಕರ್ತವ್ಯ

ಕಾಯಿದೆಗಳಿಗೆ ಕೊರತೆಯಿಲ್ಲ. ಕಾವೇರಿ ನೀರು ಬಂದ 1974ರಲ್ಲಿಯೇ ಜಲಮಾಲಿನ್ಯ ತಡೆಯುವ ಕೇಂದ್ರ ಕಾಯಿದೆಯೂ ಬಂದಿತು. ಅದೇ ವರ್ಷ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯು ಸ್ಥಾಪನೆಯಾಯಿತು. 2009ರಲ್ಲಿ ನಿಗದಿತ ಅಳತೆಯ ನಿವೇಶನಗಳ ಮನೆಗಳಿಗೆ ಮಳೆನೀರು ಸಂಗ್ರಹವನ್ನು ಬೆಂಗಳೂರಿನಲ್ಲಿ ಕಡ್ಡಾಯ ಮಾಡಲಾಯಿತು. ನಗರದ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆಯು 2018ರಲ್ಲಿ ಆರಂಭವಾದ ಮೇಲೆ, ಬೆಂಗಳೂರಿನ ಮೋರಿಗೆ ಹಾಕಿದುದು ಕೋಲಾರದ ಅಂತರ್ಜಲದ ಗುಣವನ್ನು ನಿರ್ಣಯಿಸುವಂತಾಗಿದೆ. ಆದರೆ ಕಾಯಿದೆಯು ತಪಾಸಣೆಗೆ ಬಂದ ದಿನ ಮಾತ್ರ ನೋಡುತ್ತದೆ. ವ್ರತವು ದಿನದಿನವೂ ನೋಡುತ್ತದೆ. ಆದ್ದರಿಂದ ವ್ರತಿಕನಿಗೆ ಮಾಡಲು ಬಹಳಷ್ಟಿದೆ.

ಸೋಪು, ಮಾರ್ಜಕಗಳನ್ನು ಅಗತ್ಯಕ್ಕಿಂತ ಹೆಚ್ಚು ಬಳಸದಿರುವುದು. ರಂಜಕವಿಲ್ಲದ ಪುಡಿಯನ್ನು ಆರಿಸಿಕೊಳ್ಳುವುದು. ಕರಿದ ಎಣ್ಣೆ, ಬಣ್ಣ, ಹಳೆಯ ಔಷಧಗಳನ್ನು ಬಚ್ಚಲಿಗೆ ಸುರಿಯದಿರುವುದು. ತರಕಾರಿ ತೊಳೆದ ನೀರನ್ನು ಗಿಡಗಳಿಗೆ ಹಾಕುವುದು. ಇವು ಪ್ರತಿಯೊಂದು ಮನೆಯಲ್ಲಿಯೂ ಸಾಧ್ಯ. ಬಸದಿಗಳಲ್ಲಿ ಅಭಿಷೇಕದ ದ್ರವ್ಯಗಳನ್ನು ಮಿತವಾಗಿ ಬಳಸಿ, ಹರಿದುಬಂದುದನ್ನು ಪ್ರತ್ಯೇಕ ಗುಂಡಿಯಲ್ಲಿ ಹಿಡಿದು ತೋಟದ ಮಣ್ಣಿಗೆ ಸೇರಿಸುವ ಏರ್ಪಾಟನ್ನು ಆಡಳಿತ ಮಂಡಳಿಗಳು ಮಾಡಬಹುದು. ಉದ್ಯಮಿಗಳು ತಮ್ಮ ಘಟಕದ ನೀರನ್ನು ಶುದ್ಧಗೊಳಿಸುವ ವೆಚ್ಚವನ್ನು ಸರಕಿನ ನಿಜವಾದ ಬೆಲೆಯ ಒಂದು ಭಾಗವೆಂದೇ ತಿಳಿದು ಲೆಕ್ಕ ಹಾಕಬೇಕು. ಆಮ್ಲ, ರಾಸಾಯನಿಕಗಳನ್ನು ಮಾರುವ ವರ್ತಕರು, ಹಿಂಸೆಯ ಉಪಕರಣವನ್ನು ಕೈಗೆ ಕೊಡುವುದೂ ಹಿಂಸಾದಾನವೆಂಬ ಅನರ್ಥದಂಡವೆಂದು ನೆನೆದು, ಕೊಳ್ಳುವವನು ಅದನ್ನು ಎಲ್ಲಿ ಚೆಲ್ಲುತ್ತಾನೆಂದು ವಿಚಾರಿಸುವುದು ಉಚಿತ. ದಾನಿಗಳು ಕಟ್ಟಡಗಳಿಗೆ ಕೊಡುವ ಹಣದಲ್ಲಿ ಒಂದು ಪಾಲನ್ನು ಊರಿನ ಕೆರೆಯ ಹೂಳೆತ್ತುವುದಕ್ಕೂ ಕೊಟ್ಟರೆ ಅದು ಅಭಯದಾನವೇ ಆಗುತ್ತದೆ.

ಕನ್ನಡನಾಡಿನ ಜೈನರಿಗೆ ನೀರು ಅಪರಿಚಿತವಲ್ಲ. ಬೆಳ್ಗೊಳಕ್ಕೆ ಹೆಸರು ಬಂದುದು ಬಿಳಿಯ ಕೊಳದಿಂದ. ಕಾರ್ಕಳದ ಸಮೀಪದ ವರಂಗದಲ್ಲಿ ಬಸದಿಯು ಕೆರೆಯ ನಡುವೆ ನಿಂತಿದೆ. ದೋಣಿಯಲ್ಲಿ ಹೋಗಿ ಜಿನದರ್ಶನ ಮಾಡಬೇಕು. ತೀರ್ಥಂಕರರ ತಾಯಿ ಕಾಣುವ ಹದಿನಾರು ಸ್ವಪ್ನಗಳಲ್ಲಿ ತಾವರೆಗೊಳವಿದೆ, ಮೀನಿನ ಜೋಡಿಯಿದೆ. ಮುನಿಸುವ್ರತರ ಲಾಂಛನ ಆಮೆ, ನೇಮಿನಾಥರದು ಶಂಖ, ಅರನಾಥರದು ಮೀನು. ಯಾವ ಜಲಚರಗಳ ಗುರುತನ್ನು ಜಿನಬಿಂಬದ ಪೀಠದಲ್ಲಿ ಕಂಡು ಕೈಮುಗಿಯುತ್ತಾರೋ, ಆ ಜಲಚರಗಳಿಗೆ ಬಸದಿಯ ಹೊರಗಿನ ಕೆರೆಯಲ್ಲಿ ಉಸಿರಾಡುವಷ್ಟು ನೀರನ್ನು ಉಳಿಸಿಕೊಡುವುದು ಶ್ರಾವಕ ಶ್ರಾವಿಕೆಯರ ಪಾಲಿನ ಕೆಲಸ. ಯಡಿಯೂರಿನಂಥ ಸಣ್ಣ ಕೆರೆಗಳ ಸುತ್ತಲಿನ ಮನೆಗಳವರು ತಮ್ಮ ಮನೆಯ ಮೋರಿಯು ಎಲ್ಲಿಗೆ ಸೇರುತ್ತದೆಂದು ಈ ಪರ್ಯುಷಣದೊಳಗಾಗಿ ವಿಚಾರಿಸಿ ತಿಳಿದುಕೊಂಡರೆ, ಆ ಕೆಲಸಕ್ಕೆ ಸರಿಯಾದ ಆರಂಭವಾದೀತು.